ಹೊಂದಿಸುವ ವಿದ್ಯೆ

ಕನ್ನಡದಲ್ಲಿ ‘ಹೊಂದು’ ಎಂಬ ಒಂದೇ ಧಾತುವಿನಿಂದ ಬೆಳೆದ ಎರಡು ಕ್ರಿಯಾಪದಗಳಿವೆ. ಒಂದು ‘ಹೊಂದಿಸು’, ಇನ್ನೊಂದು ‘ಹೊಂದಿಕೊಳ್ಳು’. ವ್ಯಾಕರಣದ ದೃಷ್ಟಿಯಿಂದ ಇವುಗಳ ನಡುವಿನ ಅಂತರ ಅಲ್ಪವಾದುದು. ಬಾಳಿನ ದೃಷ್ಟಿಯಿಂದ ಬಹು ದೊಡ್ಡದು. ವಸ್ತುವನ್ನು ನಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದುವುದು ಹೊಂದಿಸುವುದು. ವಸ್ತುವಿಗೆ ತಕ್ಕಂತೆ ನಮ್ಮನ್ನೇ ತಿದ್ದಿಕೊಳ್ಳುವುದು ಹೊಂದಿಕೊಳ್ಳುವುದು. ಮೊದಲನೆಯದು ಯಾರ ಪಾಲಿನದು, ಎರಡನೆಯದು ಯಾರ ಪಾಲಿನದು ಎಂಬುದನ್ನು ಸಮಾಜವು ಬಹು ಕಾಲದ ಹಿಂದೆಯೇ ಹಂಚಿಬಿಟ್ಟಿದೆ. ಎಂಜಿನಿಯರು, ಬಡಗಿ, ಕಮ್ಮಾರ ಇವರೆಲ್ಲ ಹೊಂದಿಸುವವರು. ಗಂಡನ ಮನೆಗೆ ಹೊರಟ ಹೆಣ್ಣುಮಗಳಿಗೆ ಮಾತ್ರ ತಾಯಿ, ಅಜ್ಜಿ, ನೆರೆಮನೆಯವರು ಎಲ್ಲರೂ ಹೇಳಿ ಕಳುಹಿಸುವ ಮಾತು ಒಂದೇ: “ಹೊಂದಿಕೊಂಡು ಹೋಗವ್ವಾ.”

ಈ ಹಂಚಿಕೆ ಸರಿಯಾದುದಲ್ಲವೆಂದು ನಾನು ತಿಳಿದಿದ್ದೇನೆ. ಮನುಷ್ಯನು ಉಪಕರಣಕ್ಕೆ ಹೊಂದಿಕೊಳ್ಳುವುದಕ್ಕಿಂತ ಮೊದಲು ಉಪಕರಣವನ್ನು ಮನುಷ್ಯನಿಗೆ ಹೊಂದಿಸಲು ಸಾಧ್ಯವೇ ಎಂದು ನೋಡಬೇಕು. ಹಾಗೆ ನೋಡುವ ಕಣ್ಣನ್ನೂ ಮಾಡುವ ಕೈಯನ್ನೂ ವಿದ್ಯೆಯೆಂದೇ ಎಣಿಸಬೇಕು. ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದುದಲ್ಲ. ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ, ನೇಕಾರರಾಗಿದ್ದ ನನ್ನ ಮಾವನವರು ಒಂದು ಹಿತ್ತಾಳೆಯ ಸ್ಟೋವನ್ನು ಜೋಳದ ರೊಟ್ಟಿಗೆ ಹೊಂದಿಸಿದ ರೀತಿಯನ್ನು ಕಂಡು ಬಂದುದು. ಆ ರೀತಿಯನ್ನು ವಿವರಿಸಬೇಕಾದರೆ ನಮ್ಮ ಸೀಮೆಯ ಜಾತ್ರೆಗಳ ಸಂಗತಿಯಿಂದಲೇ ಆರಂಭಿಸಬೇಕಾಗುತ್ತದೆ.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸೇರುವ ಜನಸಾಗರವನ್ನು ಕಂಡವರಿಗೆ ಹೊರಬಿಡಾರದ ಅಡುಗೆ ಎಂದರೇನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಚಕ್ಕಡಿಗಳು ಸಾಲುಗಟ್ಟಿ ಬರುತ್ತಿದ್ದವು. ಈಗ ಟ್ರ್ಯಾಕ್ಟರುಗಳೂ ಬಸ್ಸುಗಳೂ ಹೆಚ್ಚಾಗಿವೆ. ಆದರೆ ಬಯಲಿನಲ್ಲಿ ಬಿಡಾರ ಹೂಡಿ, ಅಲ್ಲಿಯೇ ಅಡುಗೆ ಮಾಡಿ, ಪಡ್ಡಲಗಿ ತುಂಬಿಸುವ ಪದ್ಧತಿ ಉಳಿದೇ ಇದೆ. ಹೋಳಿಗೆ, ಕಡಬು, ಬದನೆಕಾಯಿ ಪಲ್ಯ, ರೊಟ್ಟಿ ಇವೆಲ್ಲ ಅಲ್ಲಿ ಬೇಯುವುದು ಮೂರು ಕಲ್ಲುಗಳ ಒಲೆಯ ಮೇಲೆ. ಗುಡ್ಡದ ಮೇಲೆ ಗಾಳಿಗೆ ಯಾವ ಅಡ್ಡಿಯೂ ಇಲ್ಲ. ಉರಿ ಒಂದು ಕಡೆಗೆ, ಪಾತ್ರೆ ಇನ್ನೊಂದು ಕಡೆಗೆ, ಹೊಗೆಯೆಲ್ಲ ಅಡುಗೆ ಮಾಡುವವಳ ಕಣ್ಣಿಗೆ. ಕಟ್ಟಿಗೆಯಲ್ಲಿರುವ ಶಾಖದ ಬಹುಪಾಲು ಆಕಾಶಕ್ಕೆ ಹೋಗಿ, ಅತಿ ಸ್ವಲ್ಪ ಭಾಗ ಮಾತ್ರ ಅನ್ನಕ್ಕೆ ದಕ್ಕುತ್ತದೆ. ಜಾತ್ರೆಯ ಉತ್ಸಾಹದಲ್ಲಿ ಗಂಡಸರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ಕಣ್ಣು ಒರೆಸಿಕೊಳ್ಳುತ್ತ ಊದುಗೊಳವೆ ಹಿಡಿದವರಿಗೆ ಚೆನ್ನಾಗಿ ತಿಳಿಯುತ್ತದೆ.

ಇಂತಹ ಸ್ಥಳಕ್ಕೆ ಒಯ್ಯಲೆಂದು ಉಳ್ಳವರು ಕೊಳ್ಳುತ್ತಿದ್ದುದು ಪಂಪು ಹೊಡೆಯುವ ಸ್ಟೋವನ್ನು. ಆ ಯಂತ್ರದ ಹುಟ್ಟು ದೂರದ ಸ್ವೀಡನ್ನಿನಲ್ಲಿ ಆಯಿತು. ಸ್ಟಾಕ್‌ಹೋಮಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತನು 1892ರಲ್ಲಿ ಮಸಿಗಟ್ಟದ ಸೀಮೆಎಣ್ಣೆಯ ಒಲೆಯೊಂದನ್ನು ರೂಪಿಸಿದನು. ‘ಪ್ರೈಮಸ್’ ಎಂಬ ಅದರ ಹೆಸರು ಅನೇಕ ದೇಶಗಳಲ್ಲಿ ಆ ಜಾತಿಯ ಒಲೆಗಳಿಗೆಲ್ಲ ಹೆಸರಾಗಿ ನಿಂತಿತು. ಅದರ ಕೆಲಸದ ಕ್ರಮ ಸರಳವಾದುದು, ಆದರೆ ಸೂಕ್ಷ್ಮವಾದುದು. ಕೆಳಗೆ ಎಣ್ಣೆ ತುಂಬಿದ ಹಿತ್ತಾಳೆಯ ಟಾಕಿ. ಅದರ ಮಗ್ಗುಲಿನ ಪಂಪಿನಿಂದ ಗಾಳಿ ತುಂಬಿದಾಗ ಒತ್ತಡ ಹೆಚ್ಚಿ ಎಣ್ಣೆ ನಡುವಿನ ಕೊಳವೆಯ ಮೂಲಕ ಮೇಲೇರುತ್ತದೆ. ಮೇಲಿನ ಬರ್ನರು ಮೊದಲೇ ಕಾದಿರಬೇಕು. ಅದಕ್ಕಾಗಿಯೇ ಬರ್ನರಿನ ಬುಡದಲ್ಲಿರುವ ಬಟ್ಟಲಿನಲ್ಲಿ ಸ್ವಲ್ಪ ಸ್ಪಿರಿಟ್ಟನ್ನು ಉರಿಸುತ್ತಾರೆ. ಕಾದ ಲೋಹದೊಳಗೆ ಹಾಯುವ ಎಣ್ಣೆ ಆವಿಯಾಗಿ, ಕೂದಲೆಳೆಯಂತಹ ರಂಧ್ರವುಳ್ಳ ನಿಪ್ಪಲಿನಿಂದ ರಭಸವಾಗಿ ಹೊರಬಿದ್ದು, ಗಾಳಿಯೊಡನೆ ಬೆರೆತು, ಭೋರೆಂದು ನೀಲಿಯಾಗಿ ಉರಿಯುತ್ತದೆ. ಬರ್ನರು ಕಾಯುವ ಮೊದಲೇ ಅವಸರದಿಂದ ಪಂಪು ಹೊಡೆದರೆ ಆವಿಯ ಬದಲು ಎಣ್ಣೆಯೇ ಮೇಲೆ ಚಿಮ್ಮಿ, ಹಳದಿಯ ಜ್ವಾಲೆ ಆಳೆತ್ತರಕ್ಕೆ ಏಳುತ್ತದೆ. ಅವಸರವನ್ನು ಈ ಯಂತ್ರ ಕ್ಷಮಿಸುವುದಿಲ್ಲ.

ನೀರು ಕಾಯಿಸಲು, ಚಹಾ ಮಾಡಲು, ಬೇಳೆ ಬೇಯಿಸಲು ಇದರಷ್ಟು ಚುರುಕಾದ ಒಲೆ ಆ ಕಾಲದಲ್ಲಿ ಇನ್ನೊಂದಿರಲಿಲ್ಲ. ಆದರೆ ಜೋಳದ ರೊಟ್ಟಿಗೆ ಅದು ಸಲ್ಲಲಿಲ್ಲ. ಕಾರಣ ಸ್ಪಷ್ಟವಾಗಿದೆ. ರೊಟ್ಟಿಗೆ ಬೇಕಾದುದು ಅಗಲವಾದ, ಸಮನಾದ ಶಾಖ. ಸ್ಟೋವು ಕೊಡುವುದು ನಡುವಿನಲ್ಲಿ ಕೇಂದ್ರೀಕೃತವಾದ ತೀಕ್ಷ್ಣ ಶಾಖ. ಹಂಚಿನ ನಡುಭಾಗ ಕೆಂಪಾಗುವಷ್ಟರಲ್ಲಿ ಅಂಚು ಇನ್ನೂ ತಣ್ಣಗೇ ಇರುತ್ತದೆ. ರೊಟ್ಟಿಯ ನಡುವೆ ಕರಿಯ ಚಂದ್ರ, ಸುತ್ತಲೂ ಹಸಿ ಹಿಟ್ಟಿನ ಬಳೆ. ಮೇಲಾಗಿ ರೊಟ್ಟಿ ಸುಡುವವಳು ಸುಮ್ಮನೆ ನೋಡುತ್ತ ಕೂಡುವುದಿಲ್ಲ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರಬೇಕು, ತಿರುವಬೇಕು, ಉಬ್ಬುವಂತೆ ಅಂಚುಗಳನ್ನು ಅರಿವೆಯಿಂದ ಒತ್ತಬೇಕು. ನೆಲದಲ್ಲಿ ಊರಿದ ಮಣ್ಣಿನ ಒಲೆ ಈ ಒತ್ತುವಿಕೆಯನ್ನು ತಾಳಿಕೊಳ್ಳುತ್ತದೆ. ಮೂರು ಸಣ್ಣ ಕಾಲುಗಳ ಮೇಲೆ ನಿಂತ ಸ್ಟೋವು ತಾಳಿಕೊಳ್ಳುವುದಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಒತ್ತಡದಲ್ಲಿರುವ ಎಣ್ಣೆಯ ಮೇಲೆ ಉರಿಯುವ ಬೆಂಕಿ ಹೀಗೆ ತೂಗಾಡುವುದನ್ನು ಕಂಡವರಿಗೆ ಅದರ ಅಪಾಯ ಏನೆಂಬುದನ್ನು ಹೇಳಬೇಕಾಗಿಲ್ಲ.

1984ರ ಸುಮಾರಿಗೆ ನಮ್ಮ ಮನೆಗೆ ಇಂತಹದೊಂದು ಸ್ಟೋವು ಬಂದಿತು. ಯಲ್ಲಮ್ಮನ ಗುಡ್ಡಕ್ಕೂ ಗೊಡಚಿಯ ವೀರಭದ್ರನ ಜಾತ್ರೆಗೂ ಒಯ್ಯಬಹುದೆಂದು ಮಾವನವರೇ ತಂದಿದ್ದರು. ನಾನು ಆಗ ಆ ಮನೆಗೆ ಹೊಸಬಳು. ಮೊದಲ ದಿನದ ರೊಟ್ಟಿಗಳನ್ನು ನೋಡಿದ ಬಂಧುಗಳೊಬ್ಬರು, ಸ್ಟೋವಿನ ಕೈಗುಣ ರೂಢಿಯಾಗಬೇಕು, ಹುಡುಗಿ ಇನ್ನೂ ಹೊಂದಿಕೊಳ್ಳಬೇಕು ಎಂದರು. ಮಾವನವರು ಅದಕ್ಕೆ ಒಪ್ಪಲಿಲ್ಲ. ಸುಟ್ಟ ರೊಟ್ಟಿಯನ್ನು ಬೆಳಕಿಗೆ ಹಿಡಿದು, ಬಟ್ಟೆಯ ಕುಂದನ್ನು ನೋಡುವಂತೆ ತಿರುತಿರುವಿ ನೋಡಿ, “ಒಲಿಗೆ ರೊಟ್ಟಿ ಸುದ್ದಿ ಏನ ಗೊತ್ತೈತಿ ತಂಗಿ? ಅದನ್ನ ಮಾಡಿದಾಂವ ರೊಟ್ಟಿ ತಿಂದಾಂವಲ್ಲ” ಎಂದರು.

ಈ ಮಾತು ಅವರ ಕಸುಬಿನಿಂದಲೇ ಬಂದುದೆಂದು ನನಗೆ ತೋರುತ್ತದೆ. ಸುರೇಬಾನ ನೇಕಾರರ ಊರು. ಮಾವನವರು ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಕುಣಿಮಗ್ಗದಲ್ಲಿ ಕಾಲಿಳಿಸುವ ಕುಣಿಯನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ತೋಡುವುದಿಲ್ಲ; ನೇಯುವವನ ಕಾಲಿನ ಉದ್ದ ನೋಡಿ ತೋಡುತ್ತಾರೆ. ಎತ್ತರದ ಮನುಷ್ಯನ ಕುಣಿಯಲ್ಲಿ ಗಿಡ್ಡ ಮನುಷ್ಯ ಕುಳಿತರೆ ಸಂಜೆಯ ಹೊತ್ತಿಗೆ ಸೊಂಟ ಹೇಳುತ್ತದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಇಂತಹ ಮಗ್ಗದಲ್ಲಿ ಕುಳಿತವರಿಗೆ, ಯಂತ್ರ ಮೊದಲು, ಮೈ ಆಮೇಲೆ ಎಂಬ ವಿಚಾರವೇ ವಿಚಿತ್ರವಾಗಿ ಕಂಡಿರಬೇಕು.

ಅವರು ಕೂಡಲೇ ಸುತ್ತಿಗೆ ಹಿಡಿಯಲಿಲ್ಲ. ಮೂರು ನಾಲ್ಕು ದಿನ ಒಲೆಯ ಮುಂದೆ ಸ್ವಲ್ಪ ದೂರದಲ್ಲಿ ಕುಳಿತು ನೋಡಿದರು. ಅಡುಗೆಮನೆಯಲ್ಲಿ ಗಂಡಸು ಹೀಗೆ ಕುಳಿತುಕೊಳ್ಳುವುದು ನಮ್ಮ ಕಡೆ ರೂಢಿಯಲ್ಲ; ಅತ್ತೆಯವರು ಒಂದೆರಡು ಸಲ ಗೊಣಗಿದರು. ರೊಟ್ಟಿಯ ಅಂಚು ಬೇಯಲು ಎಷ್ಟು ಹೊತ್ತು ಹಿಡಿಯಿತು, ನಾನು ಒತ್ತುವಾಗ ಭಾರ ಯಾವ ಕಡೆ ಬೀಳುತ್ತದೆ, ಬಾಗಿಲಿನ ಗಾಳಿಗೆ ಉರಿ ಎತ್ತ ವಾಲುತ್ತದೆ ಎಂಬುದನ್ನೆಲ್ಲ ಗಮನಿಸಿದರು. ಆಮೇಲೆ ಕಮ್ಮಾರನಲ್ಲಿಗೆ ಹೋದರು.

ಮೊದಲು ಮಾಡಿಸಿದ್ದು ಒಂದು ಕಬ್ಬಿಣದ ಮುಕ್ಕಾಲಿಯನ್ನು. ಅದರ ಕಾಲುಗಳು ಅಗಲವಾಗಿ ಚಾಚಿ ನೆಲದ ಮೇಲೆ ಗಟ್ಟಿಯಾಗಿ ನಿಲ್ಲುತ್ತಿದ್ದವು. ಸ್ಟೋವು ಅದರ ನಡುವೆ, ಯಾವುದನ್ನೂ ತಾಗದೆ, ಹಳೆಯ ಮಗ್ಗದ ಮರದಿಂದ ಕೊರೆದ ಮಣೆಯೊಂದರ ಕಚ್ಚುಗಳಲ್ಲಿ ಕಾಲೂರಿ ಕೂಡುತ್ತಿತ್ತು. ಹಂಚು ಇರುವುದು ಮುಕ್ಕಾಲಿಯ ಮೇಲೆ, ಸ್ಟೋವಿನ ಮೇಲಲ್ಲ. ಎಷ್ಟು ಒತ್ತಿದರೂ ಆ ಭಾರ ಕಬ್ಬಿಣದ ಮೂಲಕ ನೆಲಕ್ಕೆ ಇಳಿಯುತ್ತಿತ್ತೇ ಹೊರತು ಬೆಂಕಿಯ ಮೇಲೆ ಬೀಳುತ್ತಿರಲಿಲ್ಲ. ಇಷ್ಟು ಸರಳವಾದ ಉಪಾಯ ಯಾರಿಗೂ ಹೊಳೆಯಬಹುದಾಗಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಭಾರ ಬೇರೆ, ಬೆಂಕಿ ಬೇರೆ ಎಂದು ಮೊದಲು ವಿಂಗಡಿಸಿ ನೋಡಿದ್ದು ಅವರ ಬುದ್ಧಿ.

ಎರಡನೆಯದು ದಪ್ಪ ಕಬ್ಬಿಣದ ಒಂದು ದುಂಡನೆಯ ತಟ್ಟೆ. ಜ್ವಾಲೆಗೂ ಹಂಚಿಗೂ ನಡುವೆ, ಹಂಚಿನಿಂದ ಒಂದು ಬೆರಳಿನಷ್ಟು ಕೆಳಗೆ, ಅದನ್ನು ಮುಕ್ಕಾಲಿಯಲ್ಲಿಯೇ ಕೂಡಿಸಿದರು. ಜ್ವಾಲೆ ನೇರವಾಗಿ ಹಂಚಿಗೆ ತಾಗದೆ ಈ ತಟ್ಟೆಗೆ ತಾಗಿ, ಬಿಸಿ ಗಾಳಿ ಸುತ್ತಲೂ ಹರಡಿ ಅಂಚಿಗೂ ತಲುಪುವಂತಾಯಿತು. ಎಣ್ಣೆ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ತಟ್ಟೆ ಕಾಯುವ ತನಕ ಕಾಯಬೇಕಾಗುತ್ತಿತ್ತು. ಆದರೆ ಒಮ್ಮೆ ಕಾದ ಮೇಲೆ ರೊಟ್ಟಿ ನಡುವೆಯೂ ಅಂಚಿನಲ್ಲಿಯೂ ಒಂದೇ ಬಗೆಯಾಗಿ ಬೆಂದು ಉಬ್ಬುತ್ತಿತ್ತು.

ಮೂರನೆಯದು ಗಾಳಿಮರೆ. ಎಣ್ಣೆಯ ಹಳೆಯ ಡಬ್ಬಿಯ ತಗಡನ್ನು ಬಿಡಿಸಿ ಸ್ಟೋವಿನ ಸುತ್ತ ಪೂರ್ತಿಯಾಗಿ ಮುಚ್ಚುವ ಹಾಗೆ ಅವರು ಮೊದಲು ಕತ್ತರಿಸಿದ್ದರು. ಅಂಗಳದಲ್ಲಿ ಪರೀಕ್ಷೆ ನಡೆಯಿತು. ಉರಿ ಅಲುಗಾಡದೆ ನಿಂತಿತು; ನೋಡುತ್ತಿದ್ದ ಮಕ್ಕಳು ಚಪ್ಪಾಳೆ ಹೊಡೆದರು. ಮಾವನವರು ಮಾತ್ರ ತಗಡಿನ ಸಂದಿಯಿಂದ ಕೈ ಹಾಕಿ ಟಾಕಿಯನ್ನು ಮುಟ್ಟಿ ನೋಡುತ್ತಲೇ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡು, ಗಾಳಿತಿರುಪನ್ನು ಸಡಿಲಿಸಿ ಸ್ಟೋವನ್ನು ಆರಿಸಿಬಿಟ್ಟರು. ಮರೆ ಗಾಳಿಯನ್ನು ತಡೆದಂತೆ ಶಾಖವನ್ನೂ ಒಳಗೇ ತಡೆದಿತ್ತು. ಟಾಕಿ ಕಾದರೆ ಒಳಗಿನ ಗಾಳಿ ಹಿಗ್ಗುತ್ತದೆ, ಒತ್ತಡ ಏರುತ್ತದೆ, ಉರಿ ಜೋರಾಗುತ್ತದೆ, ಅದರಿಂದ ಟಾಕಿ ಇನ್ನಷ್ಟು ಕಾಯುತ್ತದೆ. ಈ ಸುತ್ತು ಎಲ್ಲಿ ಮುಗಿಯುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮರುದಿನ ಅವರು ತಗಡಿನ ಕೆಳಗಿನ ಅರ್ಧವನ್ನು ಕತ್ತರಿಸಿ ತೆಗೆದು, ಮೇಲಿನ ಅರ್ಧವನ್ನು ಮುಕ್ಕಾಲಿಗೆ ನೇತುಹಾಕಿದರು. ಈಗ ಉರಿಗೆ ಮರೆ, ಟಾಕಿಗೆ ತಂಪು ಗಾಳಿ. ಕಬ್ಬಿಣದ ತಟ್ಟೆಯನ್ನೂ ಅಂಚು ಸವೆಸಿ ಹಂಚಿಗಿಂತ ಚಿಕ್ಕದಾಗಿ ಮಾಡಿಸಿದರು. ಏಕೆಂದರೆ ಅಗಲವಾದ ತಟ್ಟೆಯು ಶಾಖವನ್ನು ಕೆಳಕ್ಕೂ ಎಸೆಯುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ ನಿಂತಿತು. “ಟಾಕಿ ಮ್ಯಾಲ ಅಂಗೈ ಇಟ್ಟ ನೋಡಬೇಕು. ಕೈ ತಡಕೊಂತಂದ್ರ ಒಲಿ ಶಾಣ್ಯಾ ಐತಿ. ಕೈ ತಗೀಬೇಕನಿಸಿದ್ರ ಒಲಿ ಆರಸಬೇಕು.” ಈ ನಿಯಮವನ್ನು ಅವರು ನನಗೊಬ್ಬಳಿಗೇ ಕಲಿಸಲಿಲ್ಲ. ತಮ್ಮ ಮಗನನ್ನೂ ಎದುರಿಗೆ ಕೂಡಿಸಿ, ಸ್ಟೋವನ್ನು ಬಿಚ್ಚಿ, ಪಂಪಿನ ಚರ್ಮದ ವಾಸರನ್ನು ಎಣ್ಣೆಯಲ್ಲಿ ನೆನೆಸಿ ಮೆದುಮಾಡುವುದನ್ನೂ, ಪಿನ್ನಿನಿಂದ ನಿಪ್ಪಲು ಚೊಕ್ಕಟ ಮಾಡುವುದನ್ನೂ ಕಲಿಸಿದರು. ಮಗ ಇದು ತನ್ನ ಕೆಲಸವೇ ಎಂಬಂತೆ ಮುಖ ಮಾಡಿದಾಗ, “ರೊಟ್ಟಿ ತಿನ್ನೋದ ನಿನ್ನ ಕೆಲಸ ಹೌದಲ್ಲೋ?” ಎಂದಷ್ಟೇ ಕೇಳಿದರು.

ಅವರು ಏನನ್ನು ತಿದ್ದಿದರು ಎಂಬುದಕ್ಕಿಂತ ಏನನ್ನು ತಿದ್ದಲಿಲ್ಲ ಎಂಬುದು ನನಗೆ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ. ನಿಪ್ಪಲಿನ ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿದರೆ ಉರಿ ಹೆಚ್ಚುತ್ತದೆಂದು ಓಣಿಯವರೊಬ್ಬರು ಸೂಚಿಸಿದ್ದರು. ಮಾವನವರು ಕೈ ಮುಗಿದರು. ರಂಧ್ರ ದೊಡ್ಡದಾದರೆ ಬರುವ ಆವಿಗೆ ಬೇಕಾಗುವಷ್ಟು ಗಾಳಿ ಬೆರೆಯುವುದಿಲ್ಲ. ನೀಲಿಯ ಉರಿ ಹಳದಿಯಾಗಿ ಮಸಿ ಕಾರತೊಡಗುತ್ತದೆ. ಟಾಕಿಗೆ ಬೆಸುಗೆ ಹಾಕಿಸುವುದನ್ನು ಅವರು ಎಂದೂ ಒಪ್ಪಲಿಲ್ಲ. ಸೋರುವ ಟಾಕಿ ಒಲೆಯಲ್ಲ, ಹಳೆಯ ಹಿತ್ತಾಳೆ ಎಂಬುದು ಅವರ ತೀರ್ಮಾನ. ಚಿಮಣಿ ಎಣ್ಣೆ ಸಿಗದ ದಿನಗಳಲ್ಲಿ ಬೇರೆ ಎಣ್ಣೆ ಬೆರೆಸುವವರನ್ನು ಕಂಡರೆ ಬೈಯುತ್ತಿದ್ದರು. ಒಟ್ಟಿನಲ್ಲಿ ಬೆಂಕಿಯನ್ನು ಅವರು ತಿದ್ದಲಿಲ್ಲ. ಬೆಂಕಿಯ ಸುತ್ತಲಿನದನ್ನು ತಿದ್ದಿದರು. ಯಂತ್ರದೊಡನೆ ಆಟವಾಡುವವನಿಗೂ ಯಂತ್ರವನ್ನು ಹೊಂದಿಸುವವನಿಗೂ ಇರುವ ಭೇದವನ್ನು ನಾನು ಅರಿತದ್ದು ಇಲ್ಲಿ.

ಆ ಕಾಲದಲ್ಲಿ ಈ ಭೇದಕ್ಕೆ ಜೀವದ ಬೆಲೆಯಿತ್ತು. ‘ಸ್ಟೋವ್ ಸಿಡಿದು ಗೃಹಿಣಿಯ ಸಾವು’ ಎಂಬ ಸುದ್ದಿ ಅಂದಿನ ಪತ್ರಿಕೆಗಳ ಒಳಪುಟಗಳಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಅವುಗಳಲ್ಲಿ ಕೆಲವು ನಿಜವಾಗಿಯೂ ಅಪಘಾತಗಳು, ಕೆಲವು ಅಪಘಾತಗಳಾಗಿರಲಿಲ್ಲ. ವರದಕ್ಷಿಣೆಯ ಆಸೆಗೆ ಸೊಸೆಯನ್ನು ಸುಟ್ಟು, ತಪ್ಪನ್ನು ಬಾಯಿಲ್ಲದ ಸ್ಟೋವಿನ ಮೇಲೆ ಹೊರಿಸಿದ ಮನೆಗಳಿದ್ದವು. ವರದಕ್ಷಿಣೆ ನಿಷೇಧದ ಕಾಯಿದೆ 1961ರಲ್ಲಿಯೇ ಬಂದಿದ್ದರೂ ಅದು ಸಾಲದಾಯಿತು. 1983ರಲ್ಲಿ ಭಾರತೀಯ ದಂಡಸಂಹಿತೆಗೆ ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಶಿಕ್ಷಿಸುವ 498-ಎ ಕಲಮನ್ನೂ, 1986ರಲ್ಲಿ ಮದುವೆಯಾದ ಏಳು ವರ್ಷಗಳೊಳಗಿನ ವರದಕ್ಷಿಣೆ ಸಾವನ್ನು ಕುರಿತ 304-ಬಿ ಕಲಮನ್ನೂ ಸೇರಿಸಬೇಕಾಯಿತು. ಮಾವನವರು ಪತ್ರಿಕೆಯನ್ನು ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು. ಅಂತಹ ಸುದ್ದಿ ಬಂದ ದಿನ ಯಾರೊಡನೆಯೂ ಹೆಚ್ಚು ಮಾತನಾಡದೆ, ಸಂಜೆ ಮಗ್ಗದಿಂದ ಎದ್ದು ಬಂದು, ಟಾಕಿಯ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಅವರು ಸ್ಟೋವನ್ನು ಹೊಂದಿಸಿದ್ದು ರೊಟ್ಟಿಗೆ ಮಾತ್ರವಲ್ಲವೆಂದು ನನಗೆ ತಿಳಿದದ್ದು ಹಾಗೆ. ಬಾಯಿಮಾತಿನಲ್ಲಿ ಅವರು ಅದನ್ನು ಎಂದೂ ಹೇಳಲಿಲ್ಲ.

ಒಬ್ಬ ಹಳ್ಳಿಯ ನೇಕಾರನ ಕೈಕೆಲಸವನ್ನು ಇಷ್ಟು ದೊಡ್ಡದು ಮಾಡಿ ಹೇಳಬೇಕೆ ಎಂದು ಕೆಲವರು ಕೇಳಬಹುದು. ಅವರಿಗಾಗಿ ಜಗತ್ತಿನ ಎರಡು ಎತ್ತರದ ಸ್ಥಳಗಳ ಕಥೆಯನ್ನು ನೆನೆಯುತ್ತೇನೆ. ಭೂಪಟದಲ್ಲಿ ತುತ್ತತುದಿಗಿರುವುದು ಉತ್ತರ ಧ್ರುವ. 1895ರಲ್ಲಿ ನಾರ್ವೆಯ ಫ್ರಿಡ್ಚೋಫ್ ನಾನ್ಸೆನ್ ‘ಫ್ರಾಂ’ ಹಡಗನ್ನು ಬಿಟ್ಟು, ಒಬ್ಬನೇ ಸಂಗಾತಿಯೊಡನೆ ಮಂಜಿನ ಮೇಲೆ ಅದರತ್ತ ಹೊರಟನು. ಹೊತ್ತೊಯ್ಯಬಹುದಾದ ಎಣ್ಣೆ ಸ್ವಲ್ಪ. ಕರಗಿಸಬೇಕಾದ ಹಿಮ ಅಪಾರ. ಅವನು ಪ್ರೈಮಸ್ ಒಲೆಯ ಬರ್ನರನ್ನು ಬದಲಿಸಲಿಲ್ಲ. ಅದರ ಮೇಲಿನ ಪಾತ್ರೆಗಳನ್ನು ಬದಲಿಸಿದನು. ನಡುವಿನಲ್ಲಿ ಅಡುಗೆಯ ಪಾತ್ರೆ, ಅದರ ಸುತ್ತ ಬಳೆಯಂತಹ ಇನ್ನೊಂದು ಪಾತ್ರೆ, ಮೇಲೊಂದು ಪಾತ್ರೆ. ಆರಿಹೋಗುವ ಬಿಸಿಗಾಳಿ ಇವೆಲ್ಲವನ್ನೂ ಸವರಿಕೊಂಡೇ ಹೊರಹೋಗಬೇಕು. ಅಡುಗೆ ಬೇಯುವಾಗಲೇ ಹಿಮವೂ ಕರಗಿ ಕುಡಿಯುವ ನೀರಾಗುತ್ತಿತ್ತು.

ಇನ್ನೊಂದು ಸ್ಥಳ ಎವರೆಸ್ಟ್. 1952ರ ಮೇ ತಿಂಗಳಲ್ಲಿ ಸ್ವಿಟ್ಜರ್‌ಲೆಂಡಿನ ರೇಮಂಡ್ ಲ್ಯಾಂಬರ್ಟ್ ಮತ್ತು ನಮ್ಮ ತೇನ್‌ಸಿಂಗ್ ನೋರ್ಗೆ ಶಿಖರಕ್ಕೆ ಸಮೀಪದ ಡೇರೆಯೊಂದರಲ್ಲಿ ಒಂದು ರಾತ್ರಿ ಕಳೆದರು. ಮಲಗುಚೀಲವಿರಲಿಲ್ಲ, ಸ್ಟೋವೂ ಇರಲಿಲ್ಲ. ಖಾಲಿ ಡಬ್ಬಿಯಲ್ಲಿ ಹಿಮವಿಟ್ಟು ಮೇಣದ ಬತ್ತಿಯ ಉರಿಯಲ್ಲಿ ಕರಗಿಸಿ ಗುಟುಕು ನೀರು ಮಾಡಿಕೊಂಡರು. ಮರುದಿನ ಅವರು ಶಿಖರ ಮುಟ್ಟದೆ ಹಿಂದಿರುಗಬೇಕಾಯಿತು. ಮರುವರ್ಷದ ಬ್ರಿಟಿಷ್ ತಂಡದಲ್ಲಿ ಗ್ರಿಫಿತ್ ಪ್ಯೂ ಎಂಬ ಶರೀರಶಾಸ್ತ್ರಜ್ಞನಿದ್ದನು. ಎತ್ತರದಲ್ಲಿ ಮೈಯೊಣಗಿ ಶಕ್ತಿ ಕುಗ್ಗುತ್ತದೆ, ಆದ್ದರಿಂದ ಹತ್ತುವವರು ದಿನವೂ ಸಾಕಷ್ಟು ದ್ರವ ಕುಡಿಯಲೇಬೇಕು ಎಂದು ಅವನು ಒತ್ತಿ ಹೇಳಿದನು. ಅದಕ್ಕಾಗಿ ತೆಳುಗಾಳಿಯಲ್ಲಿಯೂ ಹಿಮವನ್ನು ಚೆನ್ನಾಗಿ ಕರಗಿಸುವಂತೆ ಪ್ರೈಮಸ್ ಸ್ಟೋವುಗಳನ್ನು ತಿದ್ದಲಾಯಿತು. 1953ರ ಮೇ 29ರಂದು ತೇನ್‌ಸಿಂಗನೂ ಹಿಲರಿಯೂ ಶಿಖರವನ್ನೇರಿದರು. ಅಂದು ಮುಂಜಾನೆ ಕಲ್ಲಿನಂತೆ ಹೆಪ್ಪುಗಟ್ಟಿದ್ದ ತನ್ನ ಬೂಟುಗಳನ್ನು ಹಿಲರಿ ಮೆತ್ತಗೆ ಮಾಡಿಕೊಂಡದ್ದೂ ಸ್ಟೋವಿನ ಉರಿಯಲ್ಲಿಯೇ. ಪ್ಯೂ ವಿಚಾರ ಮಾಡಲು ತೊಡಗಿದ್ದು ಒಲೆಯಿಂದಲ್ಲ, ಹತ್ತುವವರ ಬಾಯಾರಿಕೆಯಿಂದ. ಮಾವನವರು ತೊಡಗಿದ್ದು ರೊಟ್ಟಿಯ ಹಸಿ ಅಂಚಿನಿಂದ. ಸ್ಥಳದ ಎತ್ತರ ಬೇರೆ, ವಿಚಾರದ ದಾರಿ ಒಂದೇ.

ಈ ದಾರಿಯನ್ನು ಬಿಟ್ಟರೆ ಒಳ್ಳೆಯ ವಿಜ್ಞಾನವೂ ಸೋಲಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರು 1974ರಲ್ಲಿ ಹಳ್ಳಿಗಳ ಅಗತ್ಯಕ್ಕೆಂದೇ ‘ಅಸ್ತ್ರ’ ಎಂಬ ಘಟಕವನ್ನು ಆರಂಭಿಸಿದರು. ಅಲ್ಲಿ 1980ರ ದಶಕದಲ್ಲಿ ರೂಪುಗೊಂಡ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ನಮ್ಮ ನಾಡಿನ ಅನೇಕ ಅಡುಗೆಮನೆಗಳ ಹೊಗೆಯನ್ನು ಹೊರಗೆ ಕಳುಹಿಸಿತು. ಅದೇ ದಶಕದಲ್ಲಿ ದೇಶದಾದ್ಯಂತ ಸುಧಾರಿತ ಒಲೆಗಳನ್ನು ಹಂಚುವ ಸರಕಾರದ ಕಾರ್ಯಕ್ರಮವೂ ನಡೆಯಿತು. ಆದರೆ ಹಂಚಿದ ಒಲೆಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಎಲ್ಲಿ ಒಲೆಯ ಬಾಯಿ ಊರಿನ ಕಟ್ಟಿಗೆಗೆ, ಮನೆಯ ಪಾತ್ರೆಗೆ, ಅಡುಗೆಯ ರೀತಿಗೆ ಹೊಂದಲಿಲ್ಲವೋ ಅಲ್ಲಿ ಹೆಣ್ಣುಮಕ್ಕಳು ಅದನ್ನು ಒಡೆದು ಹಳೆಯ ಒಲೆಯನ್ನೇ ಹೂಡಿದರು. ಇದನ್ನು ಅಜ್ಞಾನವೆಂದು ಕರೆದವರುಂಟು. ನಾನು ಕರೆಯಲಾರೆ. ನಿತ್ಯ ಇಪ್ಪತ್ತು ಮೂವತ್ತು ರೊಟ್ಟಿ ಸುಡುವವಳು ಒಲೆಯ ವಿಷಯದಲ್ಲಿ ತಜ್ಞೆಯಲ್ಲದಿದ್ದರೆ ತಜ್ಞರು ಇನ್ನಾರು? ನಮ್ಮೂರಿಗೆ ಹತ್ತಿರದ ಶಬರಿಕೊಳ್ಳದ ಶಬರಿ, ರಾಮನಿಗೆ ಕೊಡುವ ಹಣ್ಣನ್ನು ತಾನು ಮೊದಲು ಕಚ್ಚಿ ನೋಡುತ್ತಿದ್ದಳೆಂಬ ಕಥೆ ಜನಪ್ರಿಯವಾಗಿದೆ. ಒಲೆ ಮಾಡುವವರಿಗೂ ಅಂತಹ ಒಂದು ಪದ್ಧತಿ ಇರಬೇಕಾಗಿತ್ತು.

ನಮ್ಮ ಶಾಲೆಗಳ ಮೇಲೂ ನನ್ನದೊಂದು ದೂರಿದೆ. ಒತ್ತಡ, ಬಾಷ್ಪೀಭವನ, ಉಷ್ಣವಹನ ಇವುಗಳ ವ್ಯಾಖ್ಯೆಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಈ ಮೂರೂ ಒಟ್ಟಿಗೆ ಭೋರ್ಗರೆಯುವ ಸ್ಟೋವನ್ನು ಒಮ್ಮೆಯೂ ಬಿಚ್ಚಿ ನೋಡಿರುವುದಿಲ್ಲ. ಭಾಷೆಯ ತರಗತಿಯಲ್ಲಿಯೂ ಹೀಗೆಯೇ. ಮಳೆಗಾಲದ ಸೊಬಗನ್ನು ಕುರಿತು ಎರಡು ಪುಟ ಬರೆಯಬಲ್ಲ ವಿದ್ಯಾರ್ಥಿಗಳಿಗೆ, ಮನೆಯ ಸ್ಟೋವನ್ನು ಹೊತ್ತಿಸುವ ಕ್ರಮವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ ಎಂದು ನಾನು ಹೇಳಿದಾಗ ಲೇಖನಿ ಮುಂದೆ ಸಾಗುತ್ತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾವುದರಿಂದ ಯಾವುದು ಎಂಬುದನ್ನು ತಪ್ಪಿಲ್ಲದೆ ಹೇಳುವುದೂ ಭಾಷೆಯ ಕೆಲಸವೇ ಅಲ್ಲವೆ? ಕೈಕಸುಬಿನ ಮೂಲಕವೇ ಶಿಕ್ಷಣ ಸಾಗಬೇಕೆಂದು ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಹೇಳಿದ್ದರು. ಅದೇ ವರ್ಷ ಅವರು ನಮ್ಮ ಜಿಲ್ಲೆಯ ಹುದಲಿಗೂ ಬಂದಿದ್ದರು. ಖಾದಿ ಅಲ್ಲಿ ಉಳಿಯಿತು. ಆ ಶಿಕ್ಷಣ ನಮ್ಮ ಶಾಲೆಗಳಲ್ಲಿ ಬೇರೂರಲಿಲ್ಲ. ವಾರಕ್ಕೊಂದು ಅವಧಿ ಊರಿನ ಕಮ್ಮಾರನನ್ನೋ ನೇಕಾರನನ್ನೋ ರೊಟ್ಟಿ ಸುಡುವ ತಾಯಿಯನ್ನೋ ತರಗತಿಗೆ ಕರೆದರೆ ಪಾಠ ಕೆಡುವುದಿಲ್ಲ. ಕರೆದವರನ್ನು ಕುರ್ಚಿಯ ಮೇಲೆ ಕೂಡಿಸಬೇಕು ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ಇದರ ಅರ್ಥ ಸಿಕ್ಕದ್ದನ್ನೆಲ್ಲ ಬಿಚ್ಚಬೇಕೆಂದಲ್ಲ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಹಳ್ಳಿಗಳ ಬಡ ಮನೆಗಳಿಗೂ ಅಡುಗೆ ಅನಿಲ ಬಂದಿದೆ. ಅನಿಲದ ಸಿಲಿಂಡರು, ರೆಗ್ಯುಲೇಟರು, ಕೊಳವೆ ಇವು ಮಾವನವರ ಲೆಕ್ಕದಲ್ಲಿ ಟಾಕಿಯ ಜಾತಿಗೆ ಸೇರಿದವು. ಬಲ್ಲವರ ಹೊರತು ಬೇರೆಯವರು ಅವುಗಳನ್ನು ತಿದ್ದತಕ್ಕದ್ದಲ್ಲ. ಹಂಚು, ಮುಕ್ಕಾಲಿ, ಕಟ್ಟೆಯ ಎತ್ತರ, ಕಿಟಕಿಯ ದಿಕ್ಕು ಇವು ನಮ್ಮವು. ಇಂದಿಗೂ ಎಷ್ಟೋ ಮನೆಗಳಲ್ಲಿ ಅಡುಗೆಯ ಕಟ್ಟೆಯನ್ನು ಅಡುಗೆ ಮಾಡುವವಳ ಎತ್ತರವನ್ನು ಕೇಳದೆಯೇ ಕಟ್ಟುತ್ತಾರೆ. ಕುಣಿಮಗ್ಗದ ನೇಕಾರನಿಗೆ ಸಿಕ್ಕ ಮರ್ಯಾದೆ ಅವಳಿಗೆ ಇನ್ನೂ ಸಿಕ್ಕಿಲ್ಲ.

ಮಾವನವರು 1998ರಲ್ಲಿ ತೀರಿಕೊಂಡರು. ಹಿತ್ತಾಳೆಯ ಸ್ಟೋವು ಈಗ ಅಟ್ಟದ ಮೇಲಿದೆ. ಅದಕ್ಕೆ ಎಣ್ಣೆ ಸಿಗುವುದೂ ಇಲ್ಲ, ಬೇಕಾಗುವುದೂ ಇಲ್ಲ. ಕಬ್ಬಿಣದ ತಟ್ಟೆ ಮಾತ್ರ ಕೆಳ���ೆ ಉಳಿದಿದೆ. ಅನಿಲದ ಒಲೆಯ ಉರಿಯೂ ಬಳೆಯಾಕಾರದಲ್ಲಿ ಒಂದೇ ಕಡೆ ಕಾಯಿಸುವುದರಿಂದ ರೊಟ್ಟಿಗೆ ಅದು ಈಗಲೂ ಬೇಕಾಗುತ್ತದೆ. ಕಳೆದ ತಿಂಗಳು ನನ್ನ ಸೊಸೆ ವಿದ್ಯುತ್ತಿನ ಇಂಡಕ್ಷನ್ ಒಲೆಯನ್ನು ತಂದಳು. ನಮ್ಮ ಹಂಚಿನ ತಳ ಬಾಗಿದೆ. ಒಲೆಯ ಗಾಜು ಸಮತಟ್ಟಾಗಿದೆ. “ಅತ್ತೀ, ಅಜ್ಜಾರ ತಟ್ಟಿ ಇದರ ಮ್ಯಾಲ ಇಡಾಕ ಬರತೈತೇನ?” ಎಂದು ಕೇಳಿದಳು. ಅಷ್ಟು ದಪ್ಪದ ಕಬ್ಬಿಣದ ಶಾಖವನ್ನು ಗಾಜು ತಾಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕೆಂದೆ. ಇಬ್ಬರೂ ಕೂಡಿ ಅದರ ಕೈಪಿಡಿಯನ್ನು ಓದುತ್ತಿದ್ದೇವೆ.